ತೂಕದ ಯಂತ್ರದಿಂದ ಬಿದ್ದ ಟೈಲರ್ ಮಾಸ್ಟರ್

ಕಾಲರ್ ಮಾಸ್ಟರ್ ಅಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಐವತ್ತು ವರ್ಷ ಅಂಗಿ ಹೊಲಿದ ಕೈ. ಅಂಗಿ ಹರಿದು ನೆಲ ಒರೆಸುವ ಬಟ್ಟೆಯಾದರೂ ಅವರು ಕೂರಿಸಿದ ಕಾಲರ್ ಮಾತ್ರ ತಲೆಯೆತ್ತಿಕೊಂಡೇ ಇರುತ್ತಿತ್ತು. ಎಪ್ಪತ್ತು ದಾಟುತ್ತಿದ್ದ ಹಾಗೆ ಅವರ ಎರಡು ಕಿಡ್ನಿಗಳೂ ಒಟ್ಟಿಗೆ ಮುಷ್ಕರ ಹೂಡಿದವು. ಅಂದಿನಿಂದ ವಾರಕ್ಕೆ ಮೂರು ದಿನ ಡಯಾಲಿಸಿಸ್. ಆಸ್ಪತ್ರೆಗೆ ಹೋಗಿ, ನಾಲ್ಕು ಗಂಟೆ ಮಲಗಿ, ಯಂತ್ರದಿಂದ ರಕ್ತ ತೊಳೆಸಿಕೊಂಡು ಬರಬೇಕು.

ಸೂಜಿಗೆ ಅವರು ಹೆದರುವವರಲ್ಲ, ಜೀವಮಾನವೆಲ್ಲ ಸೂಜಿಯ ಜೊತೆಗೇ ಬಾಳಿದವರು. ಜೀವ ಹಿಂಡಿದ್ದು ನೀರು. ದಿನಕ್ಕೆ ಮುಕ್ಕಾಲು ಲೀಟರ್, ಒಂದು ಗುಟುಕೂ ಹೆಚ್ಚಿಗೆ ಇಲ್ಲ. ಹೆಂಡತಿ ಬೆಳಿಗ್ಗೆಯೇ ಅಳೆದು ಬಾಟಲಿಗೆ ತುಂಬಿಟ್ಟು, ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದರು. ಮಾಸ್ಟರ್ ಸ್ನಾನಕ್ಕೆ ಹೋದರೆ ಬಾಗಿಲ ಹಿಂದೆ ಜೋರಾಗಿ ಹಾಡುತ್ತಲೇ ಇರಬೇಕೆಂಬ ಕಾನೂನು ಬೇರೆ. ಹಾಡು ನಿಂತರೆ ಬಾಯಲ್ಲಿ ನೀರಿದೆ ಎಂದೇ ಅರ್ಥ.

ಆದರೂ ಒಂದು ಭಾನುವಾರ, ಸುಡುಬಿಸಿಲಲ್ಲಿ, ಪೇಪರ್ ಓದುವ ನೆಪ ಮಾಡಿಕೊಂಡು ಮಾಸ್ಟರ್ ಪಕ್ಕದ ಮನೆಗೆ ಹೋದರು. ಮೂರು ಲೋಟ ಶರಬತ್ತು, ಅದರ ಮೇಲೊಂದು ಚೊಂಬು ತಣ್ಣೀರು ಇಳಿಸಿ, ಮೀಸೆ ಒರೆಸಿಕೊಂಡು ಸಂಭಾವಿತರಂತೆ ಮನೆಗೆ ಬಂದರು.

ಸೋಮವಾರ ಆಸ್ಪತ್ರೆಯಲ್ಲಿ ಎಂದಿನಂತೆ ಮೊದಲು ತೂಕ. ಕಿಡ್ನಿ ಹೊರಹಾಕದ ನೀರು ಮೈಯಲ್ಲೇ ಉಳಿಯುವುದರಿಂದ ಕದ್ದು ಕುಡಿದದ್ದೆಲ್ಲ ಅಲ್ಲಿ ಬಯಲಾಗುತ್ತದೆ. ಮುಳ್ಳು ಸರಸರನೆ ಮೇಲೇರಿತು. ನರ್ಸ್ ತೂಕ ಬರೆಯುವ ಪುಸ್ತಕ ಹುಡುಕುತ್ತಿದ್ದಳು. ಮಾಸ್ಟರ್ ಮೆಲ್ಲಗೆ ಕಿಟಕಿಯ ಸರಳು ಹಿಡಿದು ಮೈಯನ್ನು ಸ್ವಲ್ಪ ಎತ್ತಿಕೊಂಡರು. ಮುಳ್ಳು ಇಳಿಯಿತು. ಇನ್ನಷ್ಟು ಇಳಿಯಲಿ ಎಂಬ ಆಸೆ ಹುಟ್ಟಿ ಒಂದು ಕಾಲನ್ನೂ ಎತ್ತಿದರು. ತೂಕದ ಯಂತ್ರ ನುಣ್ಣನೆಯ ನೆಲದ ಮೇಲೆ ಸರ್‍ರನೆ ಜಾರಿತು. ಮಾಸ್ಟರ್ ದೊಪ್ಪನೆ ಬಲ ಭುಜದ ಮೇಲೆ ಬಿದ್ದರು.

"ಹೇಗೆ ಬಿದ್ರಿ?" ಮೂಳೆ ಡಾಕ್ಟರು ಕೇಳಿದರು.

"ಸ್ವಲ್ಪ ಎತ್ತರದಿಂದ, ಡಾಕ್ಟ್ರೇ."

"ಏಣಿನಾ? ಮೆಟ್ಟಿಲಾ? ಎಷ್ಟು ಎತ್ತರ?"

ಮಾಸ್ಟರ್ ಚಾವಣಿ ನೋಡಿದರು. ಪಕ್ಕದಲ್ಲಿದ್ದ ಹೆಂಡತಿ ತಣ್ಣಗೆ ಹೇಳಿದರು: "ನಾಲ್ಕು ಬೆರಳು."

ಮೂಳೆ ಬಿರುಕು ಬಿಟ್ಟಿತ್ತು. ಆರು ವಾರ ಬಲಗೈ ಜೋಳಿಗೆಯಲ್ಲಿ. ಎಡಗೈಯಂತೂ ಮೊದಲೇ ಕಿಡ್ನಿ ಡಾಕ್ಟರ ಸ್ವತ್ತು. ಡಯಾಲಿಸಿಸ್‌ಗೆಂದು ರಕ್ತನಾಳ ಜೋಡಿಸಿದ ಕೈ ಅದು, ಭಾರ ಎತ್ತಬಾರದು, ಬಿ.ಪಿ. ಪಟ್ಟಿ ಕಟ್ಟಬಾರದು. ಈಗ ಬಲಗೈಗೂ ಕಟ್ಟುವ ಹಾಗಿಲ್ಲ. ನರ್ಸ್ ಪಟ್ಟಿ ಹಿಡಿದು ಮಾಸ್ಟರನ್ನು ಮೇಲಿಂದ ಕೆಳಗೆ ನೋಡಿ, ಕೊನೆಗೆ ತೊಡೆಗೆ ಸುತ್ತಿದಳು.

"ಸಿಸ್ಟರ್, ಪ್ಯಾಂಟಿಗೆ ಅಳತೆ ತಗೋತಿದ್ದೀರಾ? ಸ್ವಲ್ಪ ಲೂಸ್ ಇರ್ಲಿ" ಅಂದರು ಮಾಸ್ಟರ್.

ತಮಾಷೆ ಮುಗಿದದ್ದು ಮನೆಯಲ್ಲಿ. ಅಂಗಿ ತೊಡಿಸಲು ಅರ್ಧ ಗಂಟೆ, ಬಿಚ್ಚಲು ಅರ್ಧ ಗಂಟೆ, ನಡುವೆ ಬೀದಿಗೆಲ್ಲ ಕೇಳುವಂಥ ಕೂಗು. ಆಸ್ಪತ್ರೆಯವರು ಕೊಟ್ಟ ನಿಲುವಂಗಿಯನ್ನು ಮಾಸ್ಟರ್ ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದಕ್ಕೆ ಹಿಂದೆ ಗುಂಡಿಯೂ ಇಲ್ಲ, ಮಾನವೂ ಇಲ್ಲ" ಎಂದು ತಿರಸ್ಕರಿಸಿದರು. ಮೂರು ದಿನ ಯೋಚಿಸಿ ಒಂದು ಉಪಾಯ ಕಂಡುಕೊಂಡರು. ಕುತ್ತಿಗೆಯಿಂದ ಮುಂಗೈವರೆಗೆ ಎರಡೂ ತೋಳು ಸೀಳಿ, ಉದ್ದಕ್ಕೂ ಟಿಚ್ ಬಟನ್ ಇಟ್ಟ ಅಂಗಿ! ಕೈ ಎತ್ತುವುದೇ ಬೇಡ, ಮೈಮೇಲೆ ಹೊದಿಸಿ ಒತ್ತಿದರೆ ಆಯಿತು.

ಆದರೆ ಹೊಲಿಯುವವರು ಯಾರು? ತಮ್ಮ ಹೊಲಿಗೆ ಮೆಷಿನ್ನಿನ ಮೇಲೆ ನೊಣ ಕೂತರೂ ಸಹಿಸದ ಮನುಷ್ಯ ಮಾಸ್ಟರ್. ಹೆಂಡತಿಗೆ ಗುಂಡಿ ಹಾಕುವ ಕೆಲಸ ಬಿಟ್ಟು ಬೇರೇನೂ ಕೊಟ್ಟವರಲ್ಲ.

"ಕೂತ್ಕೋ. ನಾನು ಹೇಳಿದ ಹಾಗೆ ಮಾಡು. ಕೈ ಹುಷಾರು, ಬಟ್ಟೆ ಇನ್ನೂ ಹುಷಾರು" ಅಂದರು.

ಹೆಂಡತಿ ಕೂತರು. ಮಾಸ್ಟರ್ "ನಿಧಾನ" ಎನ್ನುವಷ್ಟರಲ್ಲಿ ಒಂದು ತೋಳು ಮುಗಿದಿತ್ತು. ದಾರ ತುಂಡಾಯಿತು. ಆಕೆ ಅತ್ತ ನೋಡದೆಯೇ ಮತ್ತೆ ಪೋಣಿಸಿ ತುಳಿಯತೊಡಗಿದರು.

ಮಾಸ್ಟರ್ ಹೊಲಿಗೆಯ ಮೇಲೆ ಬಗ್ಗಿದರು. "ಎಲ್ಲಿ ಕಲಿತೆ ಇದನ್ನ?"

"ಮೂರು ವರ್ಷದಿಂದ ನಿಮ್ಮನ್ನ ಆಸ್ಪತ್ರೇಲಿ ಮಲಗಿಸಿ ಮನೆಗೆ ಬರ್ತಿದ್ದೆನಲ್ಲ, ನಾಲ್ಕು ಗಂಟೆ ಏನು ಮಾಡ್ತಿದ್ದೆ ಅಂದ್ಕೊಂಡ್ರಿ?"

"ಏನು ಮಾಡ್ತಿದ್ದೆ?"

"ಅರ್ಧಕ್ಕೆ ಬಿಟ್ಟ ಅಂಗಿಗಳು ತಾವಾಗೇ ಮುಗೀತಿದ್ವಾ, ರೀ?"

ಡಯಾಲಿಸಿಸ್ ಮುಗಿಸಿ ಬಂದ ದಿನ ಮಾಸ್ಟರಿಗೆ ತಲೆ ತೇಲುತ್ತಿತ್ತು. ಮುಗಿದ ಅಂಗಿ ಕಂಡರೆ ತಾನೇ ಯಾವಾಗಲೋ ಮುಗಿಸಿರಬೇಕೆಂದುಕೊಂಡಿದ್ದರು. "ವಯಸ್ಸಾದಷ್ಟೂ ನಿಮ್ಮ ಕೈ ಪಳಗ್ತಿದೆ ಮಾಸ್ಟರ್" ಎಂದು ಗಿರಾಕಿಗಳು ಹೊಗಳಿದಾಗ ಮೀಸೆ ತಿರುವಿದ್ದೂ ನೆನಪಾಯಿತು. "ಹೇಳಬಾರದಿತ್ತಾ?" ಅಂದರು.

"ಹೇಳಿದ್ರೆ ಮೆಷಿನ್ನಿಗೆ ಬೀಗ ಹಾಕ್ತಿದ್ರಿ."

ಅದೂ ನಿಜವೇ. ಮುಂದಿನ ಡಯಾಲಿಸಿಸ್ ದಿನ ಮಾಸ್ಟರ್ ಹೊಸ ಅಂಗಿ ತೊಟ್ಟು ಆಸ್ಪತ್ರೆಗೆ ಹೋದರು. ಟಿಚ್ ಬಟನ್ನುಗಳು ಪಟಪಟ ಬಿಚ್ಚಿಕೊಂಡದ್ದನ್ನು ಕಂಡು ಆಚೆ ಹಾಸಿಗೆಯ ನಿವೃತ್ತ ಪೋಸ್ಟ್‌ಮನ್ ಎದ್ದು ಕೂತರು. "ಮಾಸ್ಟರ್, ನೀವು ಬಿಡಿ, ಹುಟ್ಟಾ ಕಲಾವಿದರು!"

ಅಭ್ಯಾಸಬಲದಿಂದ ಎಡಗೈ ಮೀಸೆಯ ತನಕ ಹೋಯಿತು. ಅಲ್ಲೇ ನಿಂತಿತು.

"ನಾನಲ್ಲ. ನಮ್ಮನೆಯವಳು ಹೊಲಿದಿದ್ದು" ಅಂದರು ಮಾಸ್ಟರ್. ಕೈ ಕೆಳಗಿಳಿಸಿ ಸೇರಿಸಿದರು: "ನನಗಿಂತ ಸಣ್ಣ ಹೊಲಿಗೆ."

ಅಂದು ಸಂಜೆಯೊಳಗೆ ಏಳು ಹಾಸಿಗೆಗಳಿಂದ ಏಳು ಅಂಗಿಗೆ ಆರ್ಡರ್ ಬಂತು. ಅಳತೆ ಬರೆದುಕೊಂಡವಳು ಅದೇ ನರ್ಸ್.

ಭುಜ ಈಗ ಸುಮಾರಾಗಿ ಕೂಡಿಕೊಂಡಿದೆ. ದಿನಾ ಗೋಡೆಯ ಮೇಲೆ ಬೆರಳು ನಡೆಸುವ ವ್ಯಾಯಾಮ ಮಾಡಿದರೂ ಕೈ ಕಿವಿಯ ತನಕ ಬಂದು ಸಾಕೆನ್ನುತ್ತದೆ. ದಿನಕ್ಕೊಂದು ಗಂಟೆ ಮೆಷಿನ್ ತುಳಿಯಬಹುದು ಎಂದು ಮೂಳೆ ಡಾಕ್ಟರು ಅಪ್ಪಣೆ ಕೊಟ್ಟಿದ್ದಾರೆ. ಆ ಒಂದು ಗಂಟೆ ಯಾವುದೆಂದು ಹೆಂಡತಿಯೇ ಗೊತ್ತುಮಾಡಿದ್ದಾರೆ: ಮಧ್ಯಾಹ್ನ, ಮೆಷಿನ್ ಬಿಟ್ಟು ತಾವು ಮಲಗುವ ಹೊತ್ತು.