ಮುನಿರತ್ನಮ್ಮ ಮೇಡಂ ಮತ್ತು ಮೂರು ಪಾಲಿನ ಪುಸ್ತಕ

ಮುನಿರತ್ನಮ್ಮ ಮೇಡಂ ಅವರ ಸ್ಕೂಟರಿನಲ್ಲಿ ತರಕಾರಿ ಚೀಲ ಇರಬೇಕಾದ ಕೊಕ್ಕೆಗೆ ಸದಾ ಒಂದು ಖಾಕಿ ಚೀಲ ನೇತಾಡುತ್ತಿತ್ತು. ಒಳಗೆ ಬರೀ ಪುಸ್ತಕಗಳು. ಮತ್ತಿಕೆರೆಯ ನಮ್ಮ ಸರ್ಕಾರಿ ಗ್ರಂಥಾಲಯದ ಮೇಲ್ವಿಚಾರಕಿ ಅವರು. ಬೆಳಿಗ್ಗೆ ಬೀಗ ತೆಗೆದ ಕೂಡಲೇ ಅಕ್ಕಪಕ್ಕದ ಹೆಬ್ಬಾಳ, ಸಿಂಗಾಪುರ ಬಡಾವಣೆಗಳ ಶಾಖೆಗಳಿಗೆ ಫೋನು ಮಾಡಿ, "ನಿಮ್ಮತ್ರ ಧೂಳು ತಿಂತಿರೋದು ಯಾವ್ದು ಯೋಳಿ, ಇಲ್ಲಿ ಕೇಳೋರವ್ರೆ" ಎನ್ನುವರು. ಸಂಜೆಯೊಳಗೆ ಆ ಪುಸ್ತಕ ಚೀಲ ಹತ್ತಿ ಬಂದಿರುತ್ತಿತ್ತು. ಹಾಗೆ ಮಾಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. "ಓದೋಕೆ ಬಂದೋರ್ಗೆ ಇಲ್ಲ ಅನ್ಬಾರ್ದು ಕಣಮ್ಮ, ನಾಳೆ ಬಾ ಅನ್ಬೇಕು" ಎನ್ನುವುದೊಂದೇ ಅವರ ನಿಯಮ.

ನಾನಾಗ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿದ್ದೆ. ವಯಸ್ಸಿನ ಮಿತಿ ಮುಗಿಯುತ್ತಿದ್ದುದರಿಂದ ಅದೇ ಕೊನೆಯ ಅವಕಾಶ. ಬೇಕಾದ ದಪ್ಪ ಕೈಪಿಡಿ ಮೂರು ಶಾಖೆಗೂ ಸೇರಿ ಒಂದೇ ಪ್ರತಿ ಇತ್ತು; ಮೂರೂ ಕಡೆ ನನ್ನಂಥವರು ಕಾದು ಕೂತಿದ್ದರು. ಮೇಡಂ ಒಂದು ದಿನ ಯಶವಂತಪುರದ ಬೈಂಡರ್ ಹತ್ತಿರ ಹೋಗಿ, ಅದನ್ನು ಮೂರು ಭಾಗ ಮಾಡಿಸಿ, ಒಂದೊಂದಕ್ಕೂ ರಟ್ಟು ಹಾಕಿಸಿಕೊಂಡು ಬಂದೇಬಿಟ್ಟರು! ವಾರಕ್ಕೊಮ್ಮೆ ಭಾಗಗಳು ಶಾಖೆ ಬದಲಿಸುತ್ತಿದ್ದವು.

"ಸರ್ಕಾರಿ ಪುಸ್ತಕ ಕತ್ತರಿಸಬಹುದಾ ಮೇಡಂ?"

"ಕತ್ತರಿಸಿಲ್ಲ ಕಣಮ್ಮ, ಪಾಲು ಮಾಡಿವ್ನಿ. ನೀನ್ ಓದ್ಕೋ ಓಗು."

ಪರೀಕ್ಷೆಗೆ ಹನ್ನೆರಡು ದಿನ ಇದ್ದಾಗ ತಪಾಸಣೆಯ ಅಧಿಕಾರಿ ಬಂದರು. ಆ ಕೈಪಿಡಿಯನ್ನೇ ಕೇಳಬೇಕೇ! ನನ್ನ ಕೈಯಲ್ಲಿದ್ದ ಮಧ್ಯದ ಭಾಗ ಕಂಡು ಅವರ ಮುಖ ಕೆಂಪಾಯಿತು. "ಸರ್ಕಾರಿ ಆಸ್ತಿ ಹರಿದಿದ್ದೀರಾ? ಇದನ್ನ ವಶಕ್ಕೆ ತಗೋತೀನಿ. ಮಿಕ್ಕಿದ್ದು ಸಿಗದಿದ್ರೆ ನಿಮ್ಮ ಮೇಲೆ ವರದಿ ಬರೀತೀನಿ." ಪುಸ್ತಕ ಹೋದರೆ ನನ್ನ ಪರೀಕ್ಷೆಯೂ ಹೋದಂತೆಯೇ.

"ನಾಲ್ಕು ಗಂಟೆಗಂಟ ಟೈಮ್ ಕೊಡಿ ಸಾರ್, ಟೀ ಕುಡೀತಿರಿ," ಎಂದ ಮೇಡಂ ಎರಡೂ ಶಾಖೆಗೆ ಫೋನು ಮಾಡಿ, ನನ್ನತ್ತ ತಿರುಗಿ, "ಗಾಡಿ ಮೇಲೆ ಕೂತ್ಕೊ," ಎಂದರು.

ಎಂಥಾ ಓಟ ಅದು! ಸಿಂಗಾಪುರದವರು ಫೋನು ಬಂದಾಗಿನಿಂದ ಗೇಟಿನಲ್ಲೇ ಮೊದಲ ಭಾಗ ಹಿಡಿದು ನಿಂತಿದ್ದರು. ಹೆಬ್ಬಾಳದಲ್ಲಿ ಕೊನೆಯ ಭಾಗ ಓದುತ್ತಿದ್ದ ಹುಡುಗಿ ಅದನ್ನೆತ್ತಿಕೊಂಡು ರಸ್ತೆಗೇ ಓಡಿಬಂದಳು. ಫ್ಲೈಓವರ್ ಕೆಳಗೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡೆವು. ಮೇಡಂ ಹಾರನ್ ಒತ್ತಿ, "ಜಾಗ ಬಿಡಣ್ಣೋ, ಪುಸ್ತಕದ ಆಂಬುಲೆನ್ಸು!" ಎಂದು ಕೂಗಿದರು. ಆಟೋದವರು ನಗುತ್ತಲೇ ಪಕ್ಕಕ್ಕೆ ಸರಿದರು. ನನಗೂ ಭಯ ಮರೆತು ನಗು ಬಂತು.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಮೂರೂ ಭಾಗ ಮೇಜಿನ ಮೇಲಿದ್ದವು. ಅಧಿಕಾರಿ ಒಂದೊಂದೇ ಪುಟ ತಿರುವಿದರು. ಒಂದೂ ಕಡಿಮೆ ಇರಲಿಲ್ಲ. ಪ್ರತಿ ರಟ್ಟಿನ ಒಳಗೆ ಮೇಡಂ ಓದಿದವರ ಹೆಸರು ಬರೆಸಿದ್ದರು, ಸಾಲುಸಾಲು ಹೆಸರು.

"ಇಷ್ಟು ಜನ ಓದಿದ್ದಾರಾ?"

"ಇನ್ನೂ ಓದ್ತಾವ್ರೆ ಸಾರ್. ನೀವ್ ತಗೊಂಡೋದ್ರೆ ನಿಂತೋಯ್ತದೆ."

ಅಧಿಕಾರಿ ಪೆನ್ನು ತೆಗೆದು ವರದಿ ಬರೆದೇ ಬರೆದರು: ಮೂರೂ ಶಾಖೆಗೆ ಒಂದೊಂದು ಹೊಸ ಪ್ರತಿ ಬೇಕು. ಮಧ್ಯದ ಭಾಗವನ್ನು ನನ್ನ ಕಡೆ ತಳ್ಳಿ, "ಓದಮ್ಮ" ಎಂದರು.

ಪಾಸಾದೆ! ಪೇಡದ ಪೊಟ್ಟಣ ಹಿಡಿದು ಓಡಿದರೆ ಮೇಡಂ ಕುರ್ಚಿಯಲ್ಲಿ ಹೊಸಬರೊಬ್ಬರು ಕೂತಿದ್ದರು. ಮೇಡಂ ಹಿಂದಿನ ತಿಂಗಳೇ ನಿವೃತ್ತರಾಗಿದ್ದರಂತೆ. ನನಗೆ ಅಳುವೇ ಬಂತು. ಕಪಾಟಿನಲ್ಲಿ ಹೊಸ ಕೈಪಿಡಿ ಮಿರಮಿರ ಮಿಂಚುತ್ತಿತ್ತು. ನನಗೆ ಬೇಕಿದ್ದುದು ನನ್ನ ಹೆಸರಿದ್ದ ಆ ಹಳೆಯ ಮಧ್ಯದ ಭಾಗ. ಇದೆಯಾ ಎಂದು ಕೇಳಿದೆ.

ಹೊಸಬರು ಫೋನು ಕೈಗೆತ್ತಿಕೊಂಡು ವಿಚಾರಿಸಿದರು. ಅವರ ಹಿಂದಿನ ಮೊಳೆಗೆ ಅದೇ ಖಾಕಿ ಚೀಲ ನೇತಾಡುತ್ತಿತ್ತು.

"ಅದು ಸಿಂಗಾಪುರದಲ್ಲಿದೆ. ನಾಳೆ ಬನ್ನಿ," ಎಂದರು.