ಬೆಳೆಯಲು ಬಿಟ್ಟ ಎರಡು ಬೆರಳು

ದತ್ತೋಬಾ ಕಾಕಾ ಹೊಲಿದ ಯಾವ ಬಟ್ಟೆಯೂ ಹೊಲಿದ ದಿನ ನಮಗೆ ಸರಿಹೊಂದುತ್ತಿರಲಿಲ್ಲ. ಗೋಕಾಕದ ನಮ್ಮ ಓಣಿಯ ತಿರುವಿನಲ್ಲಿ ಅವರ ಹೊಲಿಗೆ ಅಂಗಡಿ. ಅಳತೆ ತೆಗೆದು, ಟೇಪನ್ನು ಕೊರಳಿಗೆ ಹಾಕಿಕೊಂಡು, "ಎರಡ ಬೆರಳ ಬಿಟ್ಟೇನಿ, ಬೆಳೀತಿ" ಎನ್ನುವರು. ನಾನು ಎಂ.ಎಸ್ಸಿ. ಮುಗಿಸಿದ ಮೇಲೂ ಎರಡು ಬೆರಳು ಬಿಟ್ಟರು. ನನ್ನ ಮೇಲೆ ಅಷ್ಟು ದೀರ್ಘಕಾಲ ಭರವಸೆ ಇಟ್ಟವರು ಬೇರೆ ಯಾರೂ ಇಲ್ಲ.

ಐವತ್ತೆಂಟನೇ ವಯಸ್ಸಿನಲ್ಲಿ ಅವರು ಹಿಮಾಲಯದ ಒಂದು ಶಿಖರ ಹತ್ತಲು ಹೊರಟರು. ಹುಕ್ಕೇರಿ ಕಡೆಯ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ಯೂನಿಫಾರ್ಮ್ ಕೊಡಲು ಹೋದಾಗ, ಚಳಿಗಾಲದಲ್ಲಿ ಒಂದೇ ಚಾದರದೊಳಗೆ ಮೂವರು ಮಲಗುವ ಸಂಗತಿ ತಿಳಿದಿತ್ತು. ತಾನು ಪರ್ವತ ಹತ್ತುತ್ತೇನೆ, ಮೆಚ್ಚಿದವರು ಆ ಹುಡುಗಿಯರಿಗೆ ಒಂದೊಂದು ಹೊದಿಕೆ ಕೊಡಲಿ ಎಂಬುದು ಯೋಜನೆ. ಇನ್ನೊಂದು ಕಾರಣ ಅವರ ಸ್ವಂತದ್ದು: ನಲವತ್ತು ವರ್ಷ ಸೂಜಿಯ ಕಡೆ ಬಗ್ಗಿದ ಕುತ್ತಿಗೆಯನ್ನು ಒಮ್ಮೆ ಮೇಲೆತ್ತಬೇಕಿತ್ತು.

ಪರ್ವತಾರೋಹಣದ ಅರ್ಜಿ ಇಂಗ್ಲಿಷಿನಲ್ಲಿದ್ದುದರಿಂದ ತುಂಬುವ ಕೆಲಸ ನನ್ನದಾಯಿತು. ಉದ್ದೇಶದ ಜಾಗದಲ್ಲಿ ಸಮಾಜಸೇವೆಯ ಜೊತೆ ವೈಯಕ್ತಿಕ ಬೆಳವಣಿಗೆ ಎಂದೂ ಬರೆಯಲೇ ಎಂದು ಕೇಳಿದೆ. ಕಾಕಾ ಕನ್ನಡಕ ತೆಗೆದರು.

"ಈ ವಯಸ್ಸಿನ್ಯಾಗ ನಾ ಇನ್ನೆಲ್ಲಿ ಬೆಳೀಬೇಕವ್ವಾ? ಇರ್ಲಿ, ಬರಿ. ಎರಡ ಬೆರಳ ಬಿಟ್ಟಿರೂದು ಛಲೋ."

ತಯಾರಿ ಗಂಭೀರವಾಗಿಯೇ ಶುರುವಾಯಿತು. ತಾಡಪತ್ರಿಯಿಂದ ಬೆನ್ನುಚೀಲ ಹೊಲಿದುಕೊಂಡು, ಭಾರಕ್ಕೆಂದು ಅದರೊಳಗೆ ಹಳೆಯ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಇಟ್ಟುಕೊಂಡು, ದಿನಾ ಬೆಳಿಗ್ಗೆ ಊರ ಪಕ್ಕದ ಗುಡ್ಡ ಹತ್ತುವರು. ಗುಡ್ಡದ ಮೇಲೆ ಗಿರಾಕಿ ಹೆಂಗದಾರ ಎಂದು ಓಣಿಯವರು ವಿಚಾರಿಸುವರು.

ಅಷ್ಟರಲ್ಲಿ ಸನ್ಮಾನಗಳು ಆರಂಭವಾದವು. ನಮ್ಮ ಕಡೆ ಸಾಧನೆಗಾಗಿ ಕಾಯುವ ಪದ್ಧತಿಯಿಲ್ಲ. ಉದ್ದೇಶ ಗೊತ್ತಾದರೆ ಸಾಕು. ಮೊದಲು ಓಣಿಯವರು, ಆಮೇಲೆ ಮೂಡಲಗಿಯ ವರ್ತಕರು, ಹುಕ್ಕೇರಿಯ ಗೆಳೆಯರ ಬಳಗ, ಅವರು ಮಾಡಿದರೆಂದು ಹುಕ್ಕೇರಿಯದೇ ಇನ್ನೊಂದು ಬಳಗ. ಎಲ್ಲ ಕಡೆಯೂ ಕಾಕಾ ಕೈಮುಗಿದು, ಹುಡುಗಿಯರಿಗೆ ಹೊದಿಕೆ ಬೇಕು ಎನ್ನುವರು. ಸಭೆ ಚಪ್ಪಾಳೆ ತಟ್ಟಿ ತಕ್ಷಣ ಹೊದಿಸುವುದು, ಕಾಕಾನ ಹೆಗಲಿಗೆ, ಒಂದರ ಮೇಲೊಂದು ಹತ್ತಾರು ಶಾಲು. ನಂತರ ವ್ಯಕ್ತಿತ್ವ ವಿಕಸನದ ಬಗ್ಗೆ ಭಾಷಣ, ಹೋಳಿಗೆ ಊಟ. ಕರೆದವರಿಗೆ ಇಲ್ಲ ಎನ್ನಲು ಕಾಕಾಗೆ ಬರುತ್ತಿರಲಿಲ್ಲ. ಗುಡ್ಡ ಹತ್ತುವುದು ನಿಂತು ವೇದಿಕೆ ಹತ್ತುವುದಷ್ಟೇ ಉಳಿಯಿತು. ಅದಕ್ಕೆ ಮೂರು ಮೆಟ್ಟಿಲು.

ಕೆಲವೇ ತಿಂಗಳಲ್ಲಿ ಅವರು ನಿಜಕ್ಕೂ ಬೆಳೆದರು, ಸೊಂಟದ ಸುತ್ತ. ವೈದ್ಯರು ಬಿ.ಪಿ. ನೋಡಿ ಆರೋಗ್ಯ ಪ್ರಮಾಣಪತ್ರಕ್ಕೆ ಸಹಿ ಹಾಕಲಿಲ್ಲ. ಹೊದಿಸಿದ ಶಾಲುಗಳನ್ನು ಯಾರೂ ಮರಳಿ ಕೇಳಲಿಲ್ಲ ಎಂಬುದು ಸನ್ಮಾನಿಸಿದವರ ದೊಡ್ಡತನ. ಆದರೆ ದೀಪಾವಳಿ ಮುಗಿದು ಚಳಿ ಬಿದ್ದಿತ್ತು, ಹಾಸ್ಟೆಲ್ಲಿಗೆ ಒಂದು ಹೊದಿಕೆಯೂ ಹೋಗಿರಲಿಲ್ಲ.

ವೈದ್ಯರು ಸಹಿ ಹಾಕದ ಮರುದಿನ ಅಂಗಡಿಯ ನೆಲದ ತುಂಬ ಶಾಲುಗಳು. ಮೈಗೆ ಚುಚ್ಚಬಾರದೆಂದು ಜರಿಯಂಚು ಬಿಚ್ಚಿ, ಪದರ ಸೇರಿಸಿ, ಕಾಕಾ ಕೌದಿ ಹೊಲಿಯುತ್ತಿದ್ದರು. ನಾನೂ ಒಂದು ಕತ್ತರಿ ಹಿಡಿದು ಕುಳಿತೆ.

"ಒಬ್ಬೊಬ್ಬರ ಸನ್ಮಾನ ಭಾಳ ತೆಳು ಐತವ್ವಾ," ಎಂದರು. "ಮೂರ ಸೇರಿಸಿದ್ರ ಒಬ್ಬಾಕಿಗೆ ಬೆಚ್ಚಗ ಆಗತೈತಿ."

ಸಂಕ್ರಾಂತಿಯ ಹೊತ್ತಿಗೆ ಹಾಸ್ಟೆಲ್ಲಿನ ಪ್ರತಿ ಹುಡುಗಿಗೂ ಒಂದು ಕೌದಿ ತಲುಪಿತು. ಅದಕ್ಕೆ ಯಾರೂ ಸನ್ಮಾನ ಮಾಡಲಿಲ್ಲ. ಪರ್ವತದ ಸುದ್ದಿ ಎಲ್ಲರಿಗೂ ಮರೆತುಹೋಯಿತು.

ಎರಡು ವರ್ಷದ ಬಳಿಕ ನಾನು ಘಟಪ್ರಭಾ ಸ್ಟೇಷನ್ನಿನಲ್ಲಿ ರೈಲಿಳಿದಾಗ ಕಾಕಾನ ಬೆನ್ನ ಮೇಲೆ ಅದೇ ತಾಡಪತ್ರಿ ಚೀಲ ಕಂಡಿತು. ಕಾಕಾ ಸಾಂಗಲಿಯ ಮಗಳ ಮನೆಗೆ ಹೋಗಿದ್ದಾರೆಂದು ಓಣಿಯೆಲ್ಲ ತಿಳಿದಿತ್ತು. ಸಾಂಗಲಿಯ ಬಿಸಿಲಿಗೆ ಮೂಗಿನ ಚರ್ಮ ಹಾಗೆ ಸುಲಿಯುವುದಿಲ್ಲ.

"ಹತ್ತಿದ್ರೇನ್ರಿ ಕಾಕಾ?"

ಅವರು ಎರಡೂ ಕಡೆ ನೋಡಿ, ಹೌದೆಂದು ತಲೆಯಾಡಿಸಿದರು. "ಯಾರ ಮುಂದೂ ಹೇಳಬ್ಯಾಡವ್ವಾ. ಶಾಲು ತರ್ತಾರ."

ಬೆಳವಣಿಗೆ ಆಯಿತೇ ಎಂದು ಕೇಳಿದೆ. ಪ್ಯಾಂಟಿನ ಸೊಂಟದ ಹೊಸ ಹೊಲಿಗೆ ತೋರಿಸಿದರು. "ಎಲ್ಲಿದವ್ವಾ, ಎರಡ ಬೆರಳ ಒಳಗ ಹಿಡದೇನಿ."

ಹೋದ ವರ್ಷ ಕಾಕಾ ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ಮೂಡಲಗಿಯಿಂದ ಬಂದವರೊಬ್ಬರು ಅವರ ಈಡೇರದ ಕನಸಿನ ಬಗ್ಗೆ ಕಣ್ಣೊರೆಸಿಕೊಂಡು ಮಾತನಾಡಿ, ಫೋಟೋಕ್ಕೆ ಶಾಲು ಹೊದಿಸಿದರು. ಸಭೆ ಮುಗಿದ ಮೇಲೆ ಅವರ ಹೆಂಡತಿಯನ್ನು ಕೇಳಿ ಆ ಶಾಲನ್ನು ಮನೆಗೆ ತಂದು, ಜರಿಯಂಚು ಬಿಚ್ಚಿಟ್ಟಿದ್ದೇನೆ. ಇನ್ನೂ ಎರಡು ಬೇಕು.