ಗೋಡೆಯಾಚೆಯ ವೈಫೈ ಡಬ್ಬಿ

ನಮ್ಮ ಮನೆ ಪಾಲಾದಾಗ ವೈಫೈ ಡಬ್ಬಿ ದೊಡ್ಡ ಮಗನ ಕಡೆಗೆ ಉಳಿಯಿತು. ಯಾರೂ ಬೇಕೆಂದು ಹಾಗೆ ಮಾಡಿದ್ದಲ್ಲ. ಅದನ್ನು ಮೊಳೆ ಹೊಡೆದು ತಗುಲಿಹಾಕಿದ್ದ ಗೋಡೆ ಅವನಿಗೆ ಬಂತು, ಗೋಡೆಯ ಜೊತೆ ಅದೂ ಹೋಯಿತು. ಒರಳುಕಲ್ಲು ಹೂತಿದ್ದ ಜಾಗ ಚಿಕ್ಕವನಿಗೆ ಬಂತು, ಒರಳುಕಲ್ಲು ಅವನದಾಯಿತು. ಪಾಲು ಮಾಡಲು ಬಂದಿದ್ದ ಊರ ಯಜಮಾನರು, “ಡಬ್ಬಿ ಒಂದೇ ಇರ್ಲಿ, ಎರಡ್ ಮನೆಯೋರೂ ಬಳಸ್ಕಳಿ. ಅದೇನ್ ಮುರಿದು ಅಂಚಕ್ಕಾದದಾ?” ಎಂದರು. ಎಲ್ಲರೂ ಒಪ್ಪಿದರು. ಆಮೇಲೆ ನನ್ನನ್ನು ಹಂಚಿದರು. ಒಂದು ತಿಂಗಳು ಆ ಕಡೆ, ಒಂದು ತಿಂಗಳು ಈ ಕಡೆ. ಅದಕ್ಕೂ ಎಲ್ಲರೂ ಒಪ್ಪಿದರು. ನಾನೂ ಒಪ್ಪಿದೆ.

ನಡುಮನೆಯನ್ನು ಸೀಳಿ ಸಿಮೆಂಟ್ ಇಟ್ಟಿಗೆಯ ಗೋಡೆ ಎದ್ದಿತು. ನಮ್ಮ ಕಡೆ, ಅಂದರೆ ಚಿಕ್ಕವನ ಕಡೆ, ಇವತ್ತಿಗೂ ಗಾರೆ ಮಾಡಿಸಿಲ್ಲ. ಸೂರಿಗೆ ಮುಟ್ಟಿಸಿಯೂ ಇಲ್ಲ, ಮೇಲೆ ಎರಡು ಮೊಳ ಸಂದು ಬಿಟ್ಟಿದ್ದಾರೆ. ಆ ಸಂದಿನಲ್ಲಿ ಅವರ ಒಗ್ಗರಣೆ ವಾಸನೆ ಈಚೆಗೆ ಬರುತ್ತದೆ, ನಮ್ಮ ಜಗಳ ಆಚೆಗೆ ಹೋಗುತ್ತದೆ. ವೈಫೈಯೂ ಅಲ್ಲಿಂದಲೇ ದಾಟಿ ಬರುತ್ತದೆಂದು ನಾನು ಬಹಳ ದಿನ ತಿಳಿದುಕೊಂಡಿದ್ದೆ. “ಅದು ಗೋಡೆ ತೂರ್ಕಂಡೇ ಬತ್ತದೆ ಕಣಜ್ಜಿ” ಎಂದು ಮೊಮ್ಮಗಳು ನಕ್ಕಳು. ನನಗೆ ಬಲಗಿವಿ ಪೂರ್ತಿ ಕಿವುಡು, ಎಡಗಿವಿ ಅರ್ಧ. ಸಂದಿನಲ್ಲಿ ಬರುವುದರಲ್ಲಿ ನನಗೆ ಸಿಗುವುದು ವಾಸನೆ ಮಾತ್ರ.

ಈ ಮೊಮ್ಮಗಳು ಚಿಕ್ಕ ಮಗನ ಮಗಳು. ಮಂಡ್ಯದಲ್ಲಿ ಬಿ.ಕಾಂ ಮುಗಿಸಿ ಮನೆಯಲ್ಲಿದ್ದಳು. ಮದ್ದೂರಿನಲ್ಲಿ ಯಾರೋ ಬಳಸಿ ಬಿಟ್ಟಿದ್ದ ಲ್ಯಾಪ್‌ಟಾಪ್ ತಂದುಕೊಂಡು ದಿನವೆಲ್ಲ ಕೆಲಸ ಹುಡುಕುತ್ತಿದ್ದಳು. ಕೊನೆಗೆ ಮೈಸೂರಿನ ಯಾವುದೋ ಆಫೀಸಿನವರು ಪರೀಕ್ಷೆಗೆ ಕರೆದರು. ಡಾಕ್ಟರುಗಳು ಹೇಳಿದ್ದನ್ನು ಕಿವಿಯಲ್ಲಿ ಕೇಳಿಕೊಂಡು ಟೈಪು ಮಾಡುವ ಕೆಲಸ. ಮನೆಯಲ್ಲೇ ಕೂತು ಮಾಡಬಹುದು. ಪರೀಕ್ಷೆಯೂ ಮನೆಯಲ್ಲೇ, ಸೋಮವಾರ ಹನ್ನೊಂದು ಗಂಟೆಗೆ.

ಅಷ್ಟರಲ್ಲಿ ಮಳವಳ್ಳಿಯಿಂದ ಒಂದು ಸಂಬಂಧ ಬಂದಿತ್ತು. ಗಂಡಿಗೆ ಗೊಬ್ಬರದ ಅಂಗಡಿ. ಕೆಟ್ಟವನಲ್ಲ. ಅವಳಿಗೆ ಆಗಲೇ ಮದುವೆ ಬೇಡವಾಗಿತ್ತು, ಅಷ್ಟೇ. ನನ್ನ ಎದುರಿಗೇ ಅಪ್ಪ ಮಗಳು ಒಂದು ಮಾತಿಗೆ ಬಂದರು. “ಈ ಕೆಲ್ಸ ಸಿಕ್ರೆ ಒಂದ್ ವರ್ಸ ನಿನ್ ಮಾತು ನಡೀಲಿ. ಸಿಗ್ನಿಲ್ವಾ, ಮಳವಳ್ಳಿಯೋರ್ಗೆ ಊಂ ಅಂತೀನಿ” ಎಂದ ನನ್ನ ಮಗ. “ಸರಿ ಕಣಪ್ಪ” ಎಂದಳು ಅವಳು. ನನ್ನ ಮಗ ಆಡಿದ ಮಾತಿಗೆ ತಪ್ಪುವವನಲ್ಲ. ಅದೇ ಅವಳಿಗೆ ಧೈರ್ಯ, ಅದೇ ಭಯ.

ಪರೀಕ್ಷೆಯ ಹಿಂದಿನ ಸಂಜೆ ನಾನು ದೊಡ್ಡವನ ಮನೆಗೆ ಹೋಗಿದ್ದೆ. ಆ ತಿಂಗಳ ಸರದಿ ಚಿಕ್ಕವನದು, ಆದರೂ ಸಂಜೆ ಹೊತ್ತು ಅಲ್ಲಿ ಕೂರುತ್ತಿದ್ದೆ. ಹಿರಿಸೊಸೆ ಕೋಡುಬಳೆ ಕೊಟ್ಟಳು, ಫೋನಿನಲ್ಲಿ ಧಾರಾವಾಹಿ ಹಾಕಿದಳು. ಅದು ಎರಡು ಮಾತಾಡಿ ನಿಂತಿತು. ಮಧ್ಯದಲ್ಲಿ ಒಂದು ಸುತ್ತು ತಿರುಗತೊಡಗಿತು.

“ನೋಡಿ ಅತ್ತೆ, ಸುರುವಾಯ್ತು” ಎಂದಳು.

“ನಾಲೆ ಮೇಲ್ಗಡೆಯೋರು ತೂಬು ಎತ್ಕಂಡು ಕುಂತಿದ್ರೆ ಕೆಳಗಡೆ ಗದ್ದೆಗೆ ನೀರೆಲ್ಲಿ ಬಂದದು?” ಎಂದೆ ನಾನು. “ಆ ಕಡೆ ಅವ್ಳು ಬೆಳಗಿಂದ ಬೈಗಂಟ ಎಳ್ಕತಾ ಕುಂತವ್ಳೆ. ತೂಬು ಇಳಿಸ್ಬುಡು, ಅತ್ಲಾಗೆ.”

ತೂಬು ಅಂದರೆ ನಾಲೆಯಿಂದ ಗದ್ದೆಗೆ ನೀರು ಬಿಡುವ ಬಾಗಿಲು, ಇಳಿಸಿದರೆ ನೀರು ನಿಲ್ಲುತ್ತದೆ. ಅದನ್ನು ಎತ್ತಿದವರು, ಇಳಿಸಿದವರು ಎಂದು ನಮ್ಮ ಕಡೆ ತಲೆ ಒಡೆದುಕೊಂಡವರಿದ್ದಾರೆ. ಹಿರಿಸೊಸೆ ನಕ್ಕಳು. ನಾನೂ ನಕ್ಕೆ. ಎರಡು ಮನೆಯಲ್ಲಿ ಉಣ್ಣುವವಳು ಆ ಮನೆಯಲ್ಲಿ ಕೂತು ಈ ಮನೆಯನ್ನು ವಸಿ ಹಳಿಯಬೇಕು, ಈ ಮನೆಯಲ್ಲಿ ಕೂತು ಆ ಮನೆಯನ್ನು. ಹಾಗೆ ಮಾಡಿದರೆ ಸಾರಿನಲ್ಲಿ ಕಾಳು ಹೆಚ್ಚು ಬೀಳುತ್ತದೆ. ನನಗೆ ಅದು ಅಭ್ಯಾಸವಾಗಿತ್ತು.

ಸೋಮವಾರ ಬೆಳಿಗ್ಗೆ ಮಗ, ಸೊಸೆ ಇಬ್ಬರೂ ಕಬ್ಬಿನ ಗದ್ದೆಗೆ ಹೋಗಿದ್ದರು. ಮೊಮ್ಮಗಳು ತಲೆಗೆ ನೀರು ಹಾಕಿಕೊಂಡು, ಒಳ್ಳೆಯ ಬಟ್ಟೆ ಹಾಕಿಕೊಂಡು, ಮುಖಕ್ಕೆ ಬೆಳಕು ಬೀಳುವ ಹಾಗೆ ಕಿಟಕಿಯ ಹತ್ತಿರ ಸ್ಟೂಲ್ ಎಳೆದು ಲ್ಯಾಪ್‌ಟಾಪ್ ತೆಗೆದಳು. ಒಂಬತ್ತೂವರೆ ಇರಬೇಕು. ನಾನು ಮೊರದಲ್ಲಿ ರಾಗಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದೆ. ನೋಡುತ್ತೇನೆ, ಅವಳು ಅದನ್ನು ಮುಚ್ಚುತ್ತಾಳೆ, ತೆಗೆಯುತ್ತಾಳೆ.

“ಏನಮ್ಮಿ ಅದು?”

“ಕನೆಕ್ಟ್ ಆಯ್ತಿಲ್ಲ ಕಣಜ್ಜಿ.”

“ನೆನ್ನೆ ಆಯ್ತಿತ್ತಲ್ಲ.”

“ನೆನ್ನೆ ಆಯ್ತಿತ್ತು.”

“ಆರ್ಸಿ ಅತ್ಸು. ಮೋಟ್ರು ನೀರೆತ್ಲಿಲ್ಲ ಅಂದ್ರೆ ನಿಮ್ಮಪ್ಪ ಅಂಗೇ ಮಾಡಾದು.”

“ಎರಡ್ ಸಲ ಆರ್ಸಿ ಅತ್ಸಿದ್ದೂ ಆಯ್ತು.”

ವಿಮಾನದ ಗುರುತು ಒಂದಿದೆಯಂತೆ, ಕೈ ತಾಗಿ ಅದು ಬಿದ್ದರೆ ಎಲ್ಲ ನಿಂತುಹೋಗುತ್ತದಂತೆ. ಅದನ್ನು ನೋಡಿದಳು, ಬಿದ್ದಿರಲಿಲ್ಲ. ಸ್ಟೂಲನ್ನು ಗೋಡೆಯ ಬುಡಕ್ಕೇ ಎಳೆದುಕೊಂಡು ಹೋದಳು. ಅಲ್ಲಿಯೂ ಇಲ್ಲ. “ಸಂದಿಗೆ ಎತ್ತಿ ಇಡ್ಕ” ಎಂದೆ. ಅವಳಿಗೆ ನಗು ಬರಲಿಲ್ಲ, ಆದರೂ ಸ್ಟೂಲು ಹತ್ತಿ ಲ್ಯಾಪ್‌ಟಾಪನ್ನು ಸಂದಿನ ಕಡೆ ಎತ್ತಿ ಹಿಡಿದಳು. ಕೆಳಗೆ ಸ್ಟೂಲಿನ ಕಾಲು ನಾನು ಹಿಡಿದುಕೊಂಡಿದ್ದೆ.

“ಸಿಗ್ನಲ್ ಗೀಟೆಲ್ಲ ತುಂಬ್ಕಂಡವೆ ಅಜ್ಜಿ. ಡಬ್ಬಿ ಕಾಣ್ತದೆ ಇದುಕ್ಕೆ. ಒಳಕ್ ಬುಟ್ಕತಿಲ್ಲ.”

ಕೆಳಗಿಳಿದು ಸ್ವಲ್ಪ ಹೊತ್ತು ಉಗುರು ಕಚ್ಚಿದಳು. ಆಮೇಲೆ ಹೇಳಿದಳು, “ಮರ್ತುಬುಡು ಅಂತ ಒಂದದೆ. ಅದ್ನ ಒತ್ತಿದ್ರೆ ಲ್ಯಾಪ್‌ಟಾಪು ನಮ್ಮ ವೈಫೈನ ಮರ್ತೋಯ್ತದೆ. ಆಮೇಲೆ ಒಸದಾಗಿ ಗುರ್ತು ಮಾಡ್ಕೊಡ್ಬೇಕು.”

“ಮರ್ತ್ ಮೇಲೆ ಸೇರಿಸ್ಕಳ್ದೆ ಓದ್ರೆ?”

“ಪಾಸ್‌ವರ್ಡು ಗೊತ್ತಲ್ಲ ನಂಗೆ. ಯಾಕ್ ಸೇರಿಸ್ಕಳಲ್ಲ?”

ಒತ್ತಿದಳು. ಅದು ಮರೆಯಿತು. ಪಾಸ್‌ವರ್ಡು ಕೇಳಿತು. ಹಾಕಿದಳು. ಮತ್ತೆ ಹಾಕಿದಳು. ಮೂರನೆಯ ಸಲ ಒಂದೊಂದೇ ಅಕ್ಷರ ಬಾಯಲ್ಲಿ ಹೇಳಿಕೊಂಡು, ಎಳೆ ಕೂಸಿಗೆ ಅನ್ನ ಇಟ್ಟ ಹಾಗೆ ಒಂದೊಂದೇ ಒತ್ತಿದಳು. ಆಮೇಲೆ ಕೈ ತೆಗೆದಳು.

“ಪಾಸ್‌ವರ್ಡೇ ತಪ್ಪು ಅಂತದೆ. ಲ್ಯಾಪ್‌ಟಾಪಿಗೇನೂ ಆಗಿಲ್ಲ ಅಜ್ಜಿ. ಆ ಕಡೆಯಿಂದ ಯಾರೋ ಬದಲಾಯಿಸವ್ರೆ.”

ನನಗೆ ಆಗಲೇ ತಿಳಿಯಿತು. ಮೊರದಲ್ಲಿ ಕಲ್ಲು ಹುಡುಕುತ್ತಿದ್ದ ಬೆರಳು ಅಲ್ಲೇ ನಿಂತಿತು.

“ದೊಡ್ಡವ್ವನ ಕೇಳ್ಕಬತ್ತೀನಿ” ಎಂದು ಎದ್ದಳು.

“ನೀನ್ ಕುಂತ್ಕ. ನಾನ್ ಓಯ್ತೀನಿ” ಎಂದೆ.

ಗೋಡೆ ಎದ್ದ ಮೇಲೆ ಆ ಮನೆಗೆ ಬೀದಿ ಸುತ್ತಿ ಹೋಗಬೇಕು. ಹೋದೆ. ಹಿರಿಸೊಸೆ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಒಲೆಯ ಮೇಲೆ ಕುಕ್ಕರಿನಲ್ಲಿ ಕಾಳು ಬೇಯಲು ಇಟ್ಟಿದ್ದಳು.

“ಬನ್ನಿ ಅತ್ತೆ. ಕಾಪಿ ಕೊಡ್ಲಾ?”

“ಕಾಪಿ ಬ್ಯಾಡ. ಪಾಸ್‌ವರ್ಡು ಏನಮ್ಮಿ?”

“ಯಾತುಕ್ಕೆ?”

“ಅವ್ಳಿಗೆ ಪರೀಕ್ಸೆ ಅದೆ ಅನ್ನೊಂದ್ ಗಂಟೆಗೆ.”

ಅವಳು ಸೊಪ್ಪಿನಿಂದ ತಲೆ ಎತ್ತಲಿಲ್ಲ. “ನೀವೇ ಅಂದ್ರಿ, ತೂಬು ಇಳಿಸ್ಬುಡು ಅಂತ. ಅತ್ತೆ ಮಾತು ಮೀರ್ಬಾರ್ದು ಅಂತ ಬೆಳಿಗ್ಗೆಗೇ ಕೇಬಲ್‌ನೋನ್ಗೆ ಫೋನ್ ಮಾಡಿ ಬದಲಾಯಿಸ್ಬುಟ್ಟೆ.”

“ಬಾಯಿಗ್ ಬಂದದ್ದು ಅಂದೆ. ಅದ್ನೇ ಇಡ್ಕಂಡ್ಯಾ?”

“ನಿಮ್ ಬಾಯಿಗ್ ಬಂದದ್ದೆಲ್ಲ ಬುಟ್ರೆ ಆಮೇಲೆ ಉಳಿಯೋದೇನು ಅತ್ತೆ? ಅಗೋ, ಕ್ಯಾಲೆಂಡರ್ ಮೇಲೆ ಬರ್ದು ಮಡಗಿವ್ನಿ. ಓದ್ಕಳಿ ಬೇಕಾರೆ.”

ನಾನು ಓದಿದ್ದು ನಾಲ್ಕನೇ ಕ್ಲಾಸು. ಕನ್ನಡ ಓದುತ್ತೇನೆ, ಬರೆಯುತ್ತೇನೆ. ಇಂಗ್ಲಿಷಿನಲ್ಲಿ ಬಸ್ಸಿನ ನಂಬರು ಗೊತ್ತು, ಅಕ್ಷರ ಗೊತ್ತಿಲ್ಲ. ಅದು ಅವಳಿಗೂ ಗೊತ್ತು. ಕ್ಯಾಲೆಂಡರಿನ ಅಂಚಿನಲ್ಲಿ ಕೆಂಪು ಪೆನ್ನಿನಲ್ಲಿ ಉದ್ದಕ್ಕೆ ಬರೆದಿತ್ತು. ಕೊನೆಯ ಮೂರು ಅಂಕಿ ಗುರುತು ಸಿಕ್ಕಿತು. ಮುಂದಿನದೆಲ್ಲ ಹುಳ ಹರಿದ ಹಾಗೆ ಕಾಣಿಸಿತು. ಪಾಸ್‌ವರ್ಡು ನನ್ನ ಮೂಗಿನ ಎದುರಿಗಿತ್ತು, ನಾನು ಸುಮ್ಮನೆ ನಿಂತಿದ್ದೆ.

“ಒಂದ್ ಚೀಟೀಲಿ ಬರ್ಕೊಡು” ಎಂದೆ.

“ಬರ್ಕೊಡಾಕೇನು. ಅವ್ಳೇ ಬಂದು ಕೇಳ್ಲಿ. ಪಾಲಾದ್ ಮೇಲೆ ಒಂದಿನ ಈ ಒಸ್ಲು ತುಳಿದವ್ಳಾ? ದೊಡ್ಡವ್ವ ಅಂತ ಒಂದ್ಸಲ ಬಾಯ್ತುಂಬ ಕೂಗ್ಲಿ, ಈಗ್ಲೇ ಕೊಡ್ತೀನಿ. ಯಾರ್ ಇಳಿಸು ಅಂದ್ರು, ಯಾಕಂದ್ರು, ಅದ್ನೂ ಏಳ್ತೀನಿ.”

ಅವಳು ಕೇಳಿದ್ದು ದೊಡ್ಡದೇನಲ್ಲ. ಹುಡುಗಿ ಬೀದಿ ಸುತ್ತಿ ಬಂದು ‘ದೊಡ್ಡವ್ವ’ ಅಂದಿದ್ದರೆ ಐದು ನಿಮಿಷದ ಕೆಲಸ. ಗಂಟೆ ಇನ್ನೂ ಹತ್ತೂಕಾಲು. ನಾನು ಬೀದಿಗೆ ಬಂದು ಚರಂಡಿಯ ಹತ್ತಿರ ನಿಂತೆ. ಆ ಹುಡುಗಿಯ ಮುಂದೆ ನನ್ನ ಮಾತು ಹೊರಗೆ ಬೀಳುವುದು ನನಗೆ ಬೇಡವಾಗಿತ್ತು. ಅವಳ ಅಪ್ಪನ ಕಿವಿಗೂ ಹೋಗುತ್ತಿತ್ತು. ಬಹಳ ಯೋಚಿಸಿದೆ ಎಂದು ಈಗ ಬರೆಯಬಹುದು. ಯೋಚಿಸಲಿಲ್ಲ. ಒಳಗೆ ಬಂದು ಹೇಳಿಬಿಟ್ಟೆ.

“ಬಾಗ್ಲಿಗೆ ಬೀಗ ಆಕವ್ರೆ. ಬೆಳ್ಳೂರ್ಗೆ ಓಗವ್ಳಂತೆ, ಅವ್ರವ್ವನ ಮನೆಗೆ.”

ಕೊಕ್ಕರೆ ಬೆಳ್ಳೂರು ಹಿರಿಸೊಸೆಯ ತವರು. ಸುಳ್ಳಿಗೆ ಸರಿಯಾಗಿ ಒದಗಿತು.

ಮೊಮ್ಮಗಳು ನನ್ನನ್ನು ನೋಡಿದಳು. ಆಮೇಲೆ ಗೋಡೆಯನ್ನು ನೋಡಿದಳು. “ಫೋನ್ ಮಾಡ್ತೀನಿ” ಎನ್ನಬಹುದೆಂದು ಹೆದರಿಕೊಂಡಿದ್ದೆ. ಅವಳು ಅದನ್ನು ಹೇಳಲೇ ಇಲ್ಲ.

“ಸರಿ ಬುಡು” ಎಂದಳು.

ಮನೆಯೊಳಗೆ ಫೋನಿಗೆ ಸಿಗ್ನಲ್ ನಿಲ್ಲುವುದಿಲ್ಲ. ಮಂಡ್ಯಕ್ಕೆ ಹೋಗೋಣವೆಂದರೆ ಕೆರಗೋಡಿನಿಂದ ಬರುವ ಬಸ್ಸು ಆಗಲೇ ದಾಟಿಹೋಗಿತ್ತು. ನಾಲೆ ಏರಿಯ ಮೇಲೆ ಸಿಗ್ನಲ್ ಸಿಗುತ್ತದೆ, ಫೋನಿನಿಂದಲೇ ಲ್ಯಾಪ್‌ಟಾಪಿಗೆ ಕೊಡುತ್ತೇನೆ ಎಂದಳು. ಅವಳು ಲ್ಯಾಪ್‌ಟಾಪು, ಸ್ಟೂಲು ತೆಗೆದುಕೊಂಡಳು. ನಾನು ಕೊಡೆ ತೆಗೆದುಕೊಂಡೆ.

ಏರಿಯ ಮೇಲೆ ಹೊಂಗೆಮರದ ಕೆಳಗೆ ಕೂತಳು. ಸ್ಟೂಲಿನ ಮೇಲೆ ಲ್ಯಾಪ್‌ಟಾಪು, ಅವಳು ನೆಲದ ಮೇಲೆ. ಎಲೆ ಸಂದಿನಲ್ಲಿ ಬಿಸಿಲು ಬಿದ್ದು ಪರದೆ ಕಾಣುತ್ತಿಲ್ಲ ಎಂದಳು, ನಾನು ಕೊಡೆ ಹಿಡಿದೆ. ಹನ್ನೊಂದಕ್ಕೆ ಶುರುವಾಯಿತು. ಕ್ಯಾಮೆರಾದಲ್ಲಿ ಎರಡನೆಯವರು ಇರಬಾರದಂತೆ. “ಅಜ್ಜಿ, ನಿನ್ನ ಸೆರಗು ಕಾಣ್ತದೆ, ಆ ಕಡೆ ಓಗು” ಎಂದಳು. ಕೊಡೆಯನ್ನು ಕೊಂಬೆಗೆ ಸಿಕ್ಕಿಸಿ ಒಂದು ಪಕ್ಕಕ್ಕೆ ಸರಿದು ಕೂತೆ. ಅವಳು ಕಿವಿಗೆ ವೈರು ಹಾಕಿಕೊಂಡು ಬಹಳ ಬೇಗ ಬೇಗ ಒತ್ತುತ್ತಿದ್ದಳು. ಅವಳಿಗೆ ಆ ಕೆಲಸ ಬರುತ್ತಿತ್ತು. ನನಗೆ ಇಂಗ್ಲಿಷ್ ಬಾರದಿದ್ದರೂ ಬೆರಳು ನೋಡಿದರೆ ತಿಳಿಯುತ್ತದೆ. ನಾಟಿ ಹಾಕುವವಳ ಕೈ ನೋಡಿದರೆ ತಿಳಿಯುವುದಿಲ್ಲವೇ, ಹಾಗೆ.

ಕಬ್ಬು ತುಂಬಿದ ಟ್ರಾಕ್ಟರು ಒಂದು ಹೋಯಿತು. ಅವಳು ಒಂದು ಕಿವಿಯನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡಳು. ಅದು ಹೋದ ಮೇಲೆ ಅವಳ ಬೆರಳು ನಿಂತಿತ್ತು. ನೆನ್ನೆ ಧಾರಾವಾಹಿಯಲ್ಲಿ ಕಂಡ ಸುತ್ತು ಅವಳ ಪರದೆಯಲ್ಲಿಯೂ ತಿರುಗುತ್ತಿತ್ತು. ಅವಳು ಫೋನನ್ನು ಕೈಯಲ್ಲಿ ಎತ್ತಿ ಹಿಡಿದಳು, ಮತ್ತೆ ಬಂತು. ಇನ್ನೊಂದು ಸಲ ನಿಂತಿತು, ಬಂತು. ಮೂರನೆಯ ಸಲ ನಿಂತಾಗ ಪರೀಕ್ಷೆ ತಾನೇ ಮುಚ್ಚಿಕೊಂಡಿತು. ಮೂರು ಸಲ ಕಡಿದರೆ ಅಷ್ಟೇ ಎಂದು ಅವರು ಮೊದಲೇ ಹೇಳಿದ್ದರಂತೆ.

ಅವಳು ಅಳಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ, ಕೊಂಬೆಯಿಂದ ಕೊಡೆ ತೆಗೆದು ನನ್ನ ಕೈಗೆ ಕೊಟ್ಟಳು. “ನಡಿ ಅಜ್ಜಿ, ಬಿಸ್ಲು” ಎಂದಳು.

ಸಂಜೆ ಅವಳ ಅಪ್ಪ ಬಂದು ಕೇಳಿದ, “ಏನಾಯ್ತು?” “ಆಗ್ಲಿಲ್ಲ” ಎಂದಳು. ಯಾಕೆ ಎಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ನಾನು ಅಲ್ಲೇ ಕೂತು ಎಲೆ ಅಡಿಕೆ ಮಡಚುತ್ತಿದ್ದೆ. ವಾರದೊಳಗೆ ಮಳವಳ್ಳಿಯವರು ಬಂದು ತಾಂಬೂಲ ಬದಲಾಯಿಸಿಕೊಂಡು ಹೋದರು.

ಹಿರಿಸೊಸೆ ಅವತ್ತಿನ ಮಾತನ್ನು ಎಲ್ಲಿಯೂ ಎತ್ತಿಲ್ಲ. ಹುಡುಗಿ ಬಂದು ಕೇಳಲಿಲ್ಲವಾದ್ದರಿಂದ, ಅವಳಿಗೆ ಬೇಕಾಗಿರಲಿಲ್ಲ ಎಂದುಕೊಂಡಳೋ ಏನೋ. ನನಗೆ ಕೊಡುವ ಕಾಪಿಗೆ ಮಾತ್ರ ಆಮೇಲಿನಿಂದ ಸಕ್ಕರೆ ಹೆಚ್ಚು ಹಾಕುತ್ತಾಳೆ. ಕುಡಿಯುತ್ತೇನೆ.

ಮದುವೆಯಲ್ಲಿ ಹುಡುಗಿ ಎಲ್ಲರ ಕಾಲಿಗೆ ಬಿದ್ದಳು, ದೊಡ್ಡವ್ವನ ಕಾಲಿಗೆ ಬೀಳಲಿಲ್ಲ. ಹಿರಿಸೊಸೆ ಅಕ್ಷತೆ ಹಿಡಿದುಕೊಂಡು ನಿಂತಿದ್ದಳು, ಕೈಯಲ್ಲಿದ್ದದ್ದನ್ನು ಹಾಗೇ ಚಪ್ಪರದ ಕಂಬದ ಬುಡಕ್ಕೆ ಹಾಕಿದಳು. ಪಾಲಿನ ಸಿಟ್ಟು ಎಂದು ಜನ ಮಾತಾಡಿಕೊಂಡರು. ನಾನೂ ಹಾಗೆಯೇ ಅಂದುಕೊಂಡೆ.

ಹೋದ ತಿಂಗಳು ಮಳವಳ್ಳಿಗೆ ಹೋಗಿ ಅವಳ ಮನೆಯಲ್ಲಿ ಮೂರು ದಿನ ಇದ್ದೆ. ಅಲ್ಲಿ ವೈಫೈ ಡಬ್ಬಿ ಅವರದೇ, ಟಿವಿಯ ಮೇಲೆ ಹಸಿರು ದೀಪ ಉರಿಯುತ್ತಿರುತ್ತದೆ. ಲ್ಯಾಪ್‌ಟಾಪು ಬೀರುವಿನ ಮೇಲೆ ಮದುವೆಯ ಸೀರೆಪೆಟ್ಟಿಗೆಗಳ ಕೆಳಗಿದೆ. ಮಧ್ಯಾಹ್ನ ಅವಳು ಅಡುಗೆ ಮಾಡುತ್ತಿದ್ದಳು, ನಾನು ಬಾಗಿಲ ಹತ್ತಿರ ಎಡಗಿವಿ ಅವಳ ಕಡೆ ಮಾಡಿಕೊಂಡು ಕೂತಿದ್ದೆ. ಕುಕ್ಕರು ಕೂಗಿತು. ನನಗೂ ಕೇಳಿಸಿತು.

“ಅವತ್ತೂ ಇಂಗೇ ಕೂಗ್ತು ಕಣಜ್ಜಿ” ಎಂದಳು.

“ಯಾವತ್ತು?”

“ದೊಡ್ಡವ್ವ ಬೆಳ್ಳೂರ್ಗೆ ಓಗವ್ಳೆ ಅಂದ್ಯಲ್ಲ, ಅವತ್ತು. ನೀನ್ ಬಂದು ಬೀಗ ಆಕವ್ರೆ ಅಂತಿದ್ದೆ, ಗೋಡೆ ಆಚೆ ಅವ್ರ ಕುಕ್ಕರು ಕೂಗ್ತಿತ್ತು.”

ಅವಳು ರಾಗಿಹಿಟ್ಟು ಅಳೆದುಕೊಂಡಳು.

“ಅವ್ರು ಕೊಡಲ್ಲ ಅಂದವ್ರೆ, ನಂಗೆ ಬೇಜಾರಾಯ್ತದೆ ಅಂತ ನೀನ್ ಮುಚ್ಚಿಟ್ಟೆ. ನಂಗ್ ಗೊತ್ತಾಯ್ತು ಬುಡು. ನಿನ್ನೇ ಬರಿಗೈಲಿ ಕಳಿಸಿದೋರ ಮುಂದೆ ನಾನೋಗಿ ಏನ್ ಕೇಳಾದು? ಅದ್ಕೇ ಮದ್ವೇಲೂ ಅವ್ರ ಕಾಲಿಗ್ ಬೀಳ್ನಿಲ್ಲ.”

ಕುಕ್ಕರು ಮತ್ತೊಂದು ಸಲ ಕೂಗಿತು. ಅವಳು ಒಲೆ ಆರಿಸಿದಳು, ಹಿಟ್ಟು ತೊಳಸುವ ಕೋಲು ಕೈಗೆ ತೆಗೆದುಕೊಂಡಳು.

“ಅಲ್ವಾ ಅಜ್ಜಿ?”

“ಊಂ” ಎಂದೆ.

“ಮುದ್ದೆ ಒಂದ್ ಸಾಕಾ, ಎರಡು ಇಕ್ಲಾ?”

“ಒಂದ್ ಸಾಕು” ಎಂದೆ.